ಗೋಲಿನ ಕಂಬದ ಹತ್ತಿರ ಇರ್ತೀನಿ

ಗೋಲಿನ ಕಂಬದ ಹತ್ತಿರ ಇರ್ತೀನಿ, ನೀನು ಹುಡುಕೋದೇ ಬೇಡ ಎಂದು ಮಾವ ಮಾತು ಕೊಟ್ಟಾಗ ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಳು, ಈಗ ಈ ಸೊಸೆಯ ರೆಪ್ಪೆಯಿಂದ ಮೈದಾಹಿಟ್ಟು ಉದುರಿ ಕಣ್ಣಿಗೆ ಬೀಳುತ್ತಿದೆ, ಒರೆಸಿದಷ್ಟೂ ಅಂಟಾಗುತ್ತಿದೆ, ಒರೆಸುವ ಕೈಯೂ ಹಿಟ್ಟಿನದೇ ಅಲ್ಲವೇ — ನಡಿ, ಕಣ್ಣು ಉರಿದರೆ ಉರಿಯಲಿ, ರಸ್ತೆ ಕಾಲಿಗೆ ಗೊತ್ತಿದೆ, ದಿನಾ ಬಸ್ಸಿನ ಕಿಟಕಿಯಿಂದ ನೋಡಿದ ರಸ್ತೆ, ಆದರೆ ಬಸ್ಸಿನಲ್ಲಿ ತೂಕಡಿಸುತ್ತ ಕೂತವಳಿಗೆ ಇದು ಇಷ್ಟು ಉದ್ದ ಎಂದು ಯಾರು ಹೇಳಿದ್ದರು. ಬಸ್ಸು ಸೇತುವೆಯ ಈಚೆಗೇ ನಿಂತುಬಿಟ್ಟಿತ್ತು, ನೆಲ ನಡುಗಿದ ಮೇಲೆ ಇಂಜಿನಿಯರ್ ಬಂದು ನೋಡದೆ ಗಾಡಿ ಹತ್ತಿಸಲ್ಲಮ್ಮ, ನನಗೂ ಹೆಂಡತಿ ಮಕ್ಕಳಿದ್ದಾರೆ ಅಂದ ಡ್ರೈವರ್, ಸರಿಯಪ್ಪ, ನಿನ್ನ ಮಾತೂ ಸರಿ, ನಡೆದು ಹೋಗೋರಿಗೆ ಏನೂ ಅನ್ನಲ್ಲ ತಾನೇ ನಿನ್ನ ಸೇತುವೆ, ಎಂದು ಇಳಿದೇಬಿಟ್ಟಿದ್ದಳು. ಬೇಕರಿಯಲ್ಲಿ ಮೊದಲು ಕಂಡದ್ದು ತೊಟ್ಟಿಯೊಳಗಿನ ಹಿಟ್ಟು, ಕಲಸುವ ಯಂತ್ರ ನಿಲ್ಲಿಸಿಯಾಗಿದೆ, ಆದರೂ ಹಿಟ್ಟು ತನ್ನಷ್ಟಕ್ಕೆ ತಾನು ನಡುಗುತ್ತಿದೆ, ಇದ್ಯಾಕೆ ಹೀಗೆ ಅಂದುಕೊಳ್ಳುವಷ್ಟರಲ್ಲಿ ಅಟ್ಟದ ಮೇಲಿನ ಚೀಲಗಳು ಧೊಪ್ಪ ಧೊಪ್ಪ ಎಂದು ಬಿದ್ದು ಒಡೆದು, ಇಡೀ ಕೋಣೆ ಬೆಳ್ಳಗೆ, ಅವಳು ಎಲ್ಲಿದ್ದಳು, ಕಲ್ಲಿನ ಕಟ್ಟೆಯ ಕೆಳಗೆ, ಯಾವಾಗ ತೂರಿಕೊಂಡಳೋ ಅವಳಿಗೇ ಗೊತ್ತಿಲ್ಲ, ಮೈಗೆ ಗೊತ್ತಿತ್ತು, ಮಾವ ಮನೆಯಲ್ಲಿ ಅಭ್ಯಾಸಕ್ಕೆಂದು ತಟ್ಟೆ ಬಡಿದರೆ ಮೈ ಬಗ್ಗುವ ಹಾಗೆ ತಾನಾಗಿ ಬಗ್ಗಿತ್ತು, ಕಟ್ಟೆಯ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೂ ಆಗಿತ್ತು. ಒಲೆ ನೋಡಿಕೊಳ್ಳುವ ಅಕ್ಕ, ದಿನಾ ಬೆಳಿಗ್ಗೆ ಅವಳೊಡನೆ ಒಂದಲ್ಲ ಒಂದಕ್ಕೆ ಜಗಳ ಕಾಯುವ ಆ ಅಕ್ಕ, ಎಲ್ಲರೂ ಬಾಗಿಲ ಕಡೆ ಓಡುತ್ತಿದ್ದರೆ ತಾನು ಒಲೆಯ ಕಡೆ ಓಡಿ ಗ್ಯಾಸು ಮುಚ್ಚಿ ಬಂದು, ಏಯ್, ನಿನ್ನ ಮಗಳು ಮನೆಯಲ್ಲಿದ್ದಾಳಲ್ಲ, ಇಲ್ಲಿ ನಿಂತು ಏನು ನೋಡ್ತಿದ್ದೀಯ, ಹೋಗು, ಎಂದು ಬೆನ್ನಿಗೆ ಗುದ್ದಿ ಕಳಿಸಿದಳು, ಗುದ್ದಿದ ಜಾಗ ಇನ್ನೂ ನೋಯುತ್ತಿದೆ, ನೋಯಲಿ, ನಿನ್ನ ಹೊಟ್ಟೆ ತಣ್ಣಗಿರಲಿ ಅಕ್ಕ, ಇನ್ನು ಒಂದು ತಿಂಗಳು ನಿನ್ನ ಜೊತೆ ಜಗಳ ಆಡಲ್ಲ. ಮಗಳು ಮನೆಯಲ್ಲಿದ್ದಾಳೆ. ಕೆಮ್ಮು ಇತ್ತು, ಇವತ್ತೊಂದು ದಿನ ಶಾಲೆ ಬೇಡ ಎಂದದ್ದು ತಾನೇ, ಗಂಡ ಲಾರಿ ತಗೊಂಡು ಎಲ್ಲೋ ದೂರದ ಊರಿನಲ್ಲಿ, ಫೋನು ಹಚ್ಚಿದರೆ ಕುಂಯ್ ಎಂದು ಸುಮ್ಮನಾಗುತ್ತದೆ, ಮನೆಯಲ್ಲಿ ಮಾವ ಮತ್ತು ಮಗಳು ಇಬ್ಬರೇ.

ಮನೆಯಲ್ಲಿ ಯಾಕಿರುತ್ತಾರೆ, ಮೈದಾನದಲ್ಲಿರುತ್ತಾರೆ, ಮಾತು ಕೊಟ್ಟಿಲ್ಲವೇ, ಊರ ಹೊರಗಿನ ಆಟದ ಮೈದಾನ, ಹತ್ತಿರದಲ್ಲಿ ಗೋಡೆಯಿಲ್ಲ ಮರವಿಲ್ಲ ವಿದ್ಯುತ್ ತಂತಿಯಿಲ್ಲ, ಅಲ್ಲಿ ತುಕ್ಕು ಹಿಡಿದ ಗೋಲಿನ ಕಂಬ, ಅದರ ಕೆಳಗೆ ಮಾವ ಒಂದು ಕೈಯಲ್ಲಿ ಇಲಿಮರಿಯ ಕೈ ಹಿಡಿದು ಇನ್ನೊಂದು ಕೈಯನ್ನು ಹಣೆಗೆ ಅಡ್ಡ ಇಟ್ಟು ಈ ರಸ್ತೆಯನ್ನೇ ನೋಡುತ್ತಿರುತ್ತಾರೆ. ಇಲಿಮರಿ, ಮಗಳಿಗೆ ಮಾವ ಇಟ್ಟ ಹೆಸರು, ಮೇಜಿನ ಕೆಳಗೆ ಕೂತು ಬಿಸ್ಕತ್ತು ತಿಂದು ಪುಡಿ ಚೆಲ್ಲುತ್ತಾಳೆ ಎಂದು. ಮಾವ ಆ ಮಾತು ಸುಮ್ಮನೆ ಕೊಟ್ಟದ್ದಲ್ಲ, ಹಿಂದೆ ಒಮ್ಮೆ ನೆಲ ನಡುಗಿದಾಗ ತನ್ನ ಗಂಡ ಹತ್ತು ವರ್ಷದ ಹುಡುಗನಾಗಿದ್ದನಂತೆ, ಮಾವ ಬಸ್ ಡಿಪೋದಲ್ಲಿ ವೆಲ್ಡಿಂಗ್ ಕೆಲಸ, ಓಡಿ ಬಂದು ಮಗನನ್ನು ಹುಡುಕುತ್ತ ಶಾಲೆಯ ಸುತ್ತ ತಿರುಗಿದರಂತೆ, ಮಗ ಅಪ್ಪನನ್ನು ಹುಡುಕುತ್ತ ಅದೇ ಶಾಲೆಯ ಸುತ್ತ ಅದೇ ದಿಕ್ಕಿನಲ್ಲಿ ತಿರುಗಿದನಂತೆ, ಸಂಜೆವರೆಗೂ ಇಬ್ಬರೂ ಗಾಣದ ಎತ್ತಿನ ಹಾಗೆ, ಒಬ್ಬರ ಬೆನ್ನು ಇನ್ನೊಬ್ಬರಿಗೆ ಕಾಣದೆ, ಇಬ್ಬರಲ್ಲಿ ಒಬ್ಬ ದಣಿದು ಕೂತಿದ್ದರೂ ಸಾಕಿತ್ತು ಕಣಮ್ಮ, ಇಬ್ಬರಿಗೂ ಪ್ರೀತಿ ಜಾಸ್ತಿ, ಕೂರಲಿಲ್ಲ. ಆ ದಿನ ತಿರುಗಿದ ಕಾಲು ಇವತ್ತಿಗೂ ನೋಯ್ತದೆ ಅನ್ನುತ್ತಾರೆ. ಅದಕ್ಕೇ ಮೊಮ್ಮಗಳು ಹುಟ್ಟಿ ಈ ಸೊಸೆ ಮತ್ತೆ ಬೇಕರಿಗೆ ಹೊರಟು ನಿಂತಾಗ, ಮಗು ಬಿಟ್ಟು ಹೋಗಲು ಮನಸ್ಸಿಲ್ಲದೆ ಹೊಸ್ತಿಲಲ್ಲಿ ಹಿಂದೆ ಮುಂದೆ ನೋಡುತ್ತಿದ್ದಾಗ, ಹೋಗಿ ಬಾ ತಾಯಿ, ಭೂಮಿ ಬಾಯಿ ಬಿಟ್ಟರೂ ಸರಿ ಇವಳನ್ನ ಕರ್ಕೊಂಡು ಗೋಲಿನ ಕಂಬದ ಹತ್ತಿರ ಇರ್ತೀನಿ, ಹುಡುಕೋ ಕೆಲಸ ನಿನಗಿರಲ್ಲ ಎಂದರು, ಅವಳು ಬಾಯಲ್ಲಿ ಆಯ್ತು ಮಾವ ಎಂದು ಮನಸ್ಸಿನಲ್ಲಿ ನಕ್ಕಳು, ಮಗುವಿಗೆ ಹಾಲು ಯಾವಾಗ ಕೊಡುತ್ತೀರಿ ಎಂದು ಕೇಳಿದರೆ ಈ ಮುದುಕ ಭೂಮಿ ಬಾಯಿ ಬಿಡುವ ಮಾತಾಡುತ್ತಾರಲ್ಲ ಎಂದು. ನಕ್ಕಿದ್ದಳು, ಹೌದು, ಊರೇ ನಗುತ್ತಿತ್ತು, ಮನೆಯ ಸಾಮಾನನ್ನೆಲ್ಲ ಗೋಡೆಗೆ ಬಡಿದು ಬಿಗಿಯುವವರಿಗೆ ಮೊಳೆ ತಾತ ಎಂದು ಹೆಸರಿಟ್ಟಿತ್ತು.

ಪೆಟ್ರೋಲ್ ಬಂಕಿನ ಮುಂದೆ ಜನ ನಿಂತಿದ್ದಾರೆ, ಬಂಕು ನಿಂತಿದೆ, ಅದರ ಹಿಂದಿನ ಗೋಡೌನಿನ ಒಂದು ಪಕ್ಕ ಕೂತುಬಿಟ್ಟಿದೆ, ಮುದಿ ಎಮ್ಮೆ ಕೂತ ಹಾಗೆ. ಒಬ್ಬಾಕೆ ಓಡಿ ಬಂದು ಅವಳ ತೋಳು ಹಿಡಿದಳು, ಅಯ್ಯೋ ಪಾಪ, ಯಾವ ಕಟ್ಟಡದಿಂದ ತೆಗೆದರಮ್ಮ ನಿನ್ನ, ಕೂತ್ಕೋ, ರೀ, ನೀರು ತನ್ನಿ, ಇವಳು ಮಣ್ಣಿನೊಳಗಿಂದ ಎದ್ದು ಬಂದಿದ್ದಾಳೆ. ಮಣ್ಣಲ್ಲಮ್ಮ, ಮೈದಾ. ಮೈದಾನದಲ್ಲಿ ಬಿದ್ದೆಯಾ. ಇಲ್ಲಮ್ಮ, ಮೈದಾ, ಬೇಕರಿ, ಬ್ರೆಡ್ಡು, ಎಂದು ಬಾಯಿ ತೆಗೆದರೆ ಹಲ್ಲಿನ ಸಂದಿಯಲ್ಲೂ ಹಿಟ್ಟು, ಆಕೆ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು, ಬಾಟಲಿ ಬಾಯಿಗಿಟ್ಟಳು, ಪರಿಚಯವಿಲ್ಲದ ಹೆಂಗಸು, ಸೆರಗಿನಿಂದ ಅವಳ ಕಣ್ಣು ಒರೆಸಿದಳು, ತಾಯಿ ಒರೆಸಿದ ಹಾಗೆ ಸ್ವಲ್ಪ ಒರಟಾಗಿ, ಯಾವ ಜನ್ಮದ ಋಣವೋ. ನಿಲ್ಲಬಾರದು, ನಡಿ. ನೀರು ಗಂಟಲಿಳಿದಾಗ ಮನೆಯ ಮೆಟ್ಟಿಲ ಕೆಳಗಿನ ನೀರಿನ ಕ್ಯಾನುಗಳು ನೆನಪಾದವು, ಮಾವ ತಿಂಗಳಿಗೊಮ್ಮೆ ಹಳೆಯ ನೀರನ್ನು ಗಿಡಕ್ಕೆ ಹಾಕಿ ಹೊಸದು ತುಂಬಿಸಿ ಇಡುವವು, ನಲ್ಲಿಯಲ್ಲಿ ಬರುತ್ತಿರುವಾಗ ಇದ್ಯಾಕೆ ಮಾವ ಎಂದರೆ, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋ ವಂಶ ಅಲ್ಲಮ್ಮ ನಮ್ಮದು. ಅಲಮಾರಿಯನ್ನು ಕಬ್ಬಿಣದ ಪಟ್ಟಿ ಹಾಕಿ ಗೋಡೆಗೆ ಬಿಗಿದರು, ಗ್ಯಾಸ್ ಸಿಲಿಂಡರಿಗೆ ನಾಯಿಗೆ ಹಾಕುವಂಥ ಸರಪಳಿ ಹಾಕಿದರು, ಮಂಚದ ತಲೆಯ ಮೇಲಿದ್ದ ಮದುವೆಯ ಫೋಟೋವನ್ನು ಬಚ್ಚಲಿನ ಬಾಗಿಲ ಪಕ್ಕ ಮೊಳಕಾಲೆತ್ತರಕ್ಕೆ ಇಳಿಸಿದರು, ನೆಂಟರು ಬಂದರೆ ಬಗ್ಗಿ ನೋಡಿ ಇವರು ಯಾರು ಅನ್ನುತ್ತಿದ್ದರು. ಒಡೆದ ಗಾಜು ತುಳಿಯಬಾರದೆಂದು ಪ್ರತಿ ಮಂಚದ ಕಾಲಿಗೂ ಒಂದು ಚೀಲ, ಚೀಲದಲ್ಲಿ ಚಪ್ಪಲಿ, ಭಾರದ ಪಾತ್ರೆಯೆಲ್ಲ ಕೆಳಗಿನ ಗೂಡಿನಲ್ಲಿ, ಈ ಮನೆಯಲ್ಲಿ ಸೊಂಟ ಮುರಿಯದೆ ಒಂದು ಪಾತ್ರೆ ಕೈಗೆ ಸಿಗಲ್ಲ ಎಂದು ಎಷ್ಟು ಗೊಣಗಿದ್ದಾಳೆ, ಅಡುಗೆಮನೆಯ ಶೆಲ್ಫಿನ ಬಾಗಿಲುಗಳಿಗೆಲ್ಲ ಕೊಂಡಿ, ಬೀಗರು ಬಂದ ದಿನ ಸಕ್ಕರೆಯ ಶೆಲ್ಫು ತೆಗೆಯಲಾಗದೆ ಸ್ಕ್ರೂಡ್ರೈವರಿಗೆ ಹುಡುಕಾಡಿ, ಕೊನೆಗೆ ಸಪ್ಪೆ ಟೀ ಕೊಟ್ಟು, ನಮ್ಮನೆಯಲ್ಲಿ ಎಲ್ಲರಿಗೂ ಸಕ್ಕರೆ ಕಾಯಿಲೆ ಅಂದಿದ್ದಳು.

ಮತ್ತೆ ಆ ಮೇಜು. ಡಿಪೋದಲ್ಲಿ ಮುರಿದು ಹಾಕಿದ ಬಸ್ಸಿನ ಕಂಬಿಗಳನ್ನು ಕೇಳಿ ತಂದು ಮಾವ ಬೆಸೆದ ಮೇಜು, ಬಸ್ಸಿಗೆ ಬಳಿದು ಮಿಕ್ಕ ಹಸಿರು ಬಣ್ಣ, ಆನೆ ಹತ್ತಿದರೂ ಅಲುಗದು, ಕಸ ಗುಡಿಸಲು ಸರಿಸೋಣವೆಂದರೆ ನಾಲ್ಕು ಜನ ಬೇಕು, ಊಟದ ನಡುವೆ ಮಾವ ಸೌಟಿನಿಂದ ತಟ್ಟೆ ಬಡಿದರೆ ಎಲ್ಲರೂ ಅದರ ಕೆಳಗೆ, ತುತ್ತು ಕೈಯಲ್ಲಿದ್ದರೆ ತುತ್ತಿನ ಜೊತೆಗೇ, ತನ್ನ ಅವ್ವ ಒಮ್ಮೆ ಬಂದವಳು ಮಂಡಿನೋವಿನಲ್ಲಿ ತೆವಳಿಕೊಂಡು ಹೋಗಿ, ನಿನ್ನ ಮಾವನ್ನ ಯಾರಾದ್ರೂ ಡಾಕ್ಟರಿಗೆ ತೋರಿಸೇ ಎಂದು ಕಿವಿಯಲ್ಲಿ ಹೇಳಿದಳು, ಪಕ್ಕದಲ್ಲೇ ಕಾಲು ಮಡಿಸಿಕೊಂಡು ಕೂತಿದ್ದ ಮಾವ, ಡಾಕ್ಟರಿಗೂ ಹೇಳಿಕೊಟ್ಟಿದ್ದೀನಿ ಬೀಗಿತ್ತಿ, ಅವರೂ ಈಗ ಮೇಜಿನ ಕೆಳಗೇ ಅಂದರು. ಎಲ್ಲರಿಗಿಂತ ಮೊದಲು ಹೋಗಿ ಕೂತಿರುತ್ತಿದ್ದವಳು ಇಲಿಮರಿ, ಮೇಜಿಗೆ ಅವಳದೇ ಒಂದು ಕಾಲು, ಗೋಡೆಯ ಕಡೆಯದು, ಹಸಿರು ಕಬ್ಬಿಣದ ಸುತ್ತ ಐದು ಬೆರಳು, ಉಗುರಿನ ತುದಿ ಬೆಳ್ಳಗಾಗುವಷ್ಟು ಬಿಗಿ — ಇದೇ ಕಾಣುತ್ತಿದೆ, ರಸ್ತೆ ಕಾಣಬೇಕಾದ ಕಡೆ ಇದೇ, ಐದು ಬೆರಳು. ಒಂದು ಸಲ ಅವಳು ಎಲ್ಲ ಮುಗಿಯುವ ಮೊದಲೇ ಎದ್ದು ಓಡಿದ್ದಳು, ಹೊರಗೆ ಐಸ್‌ಕ್ಯಾಂಡಿಯವನ ಗಂಟೆ ಕೇಳಿತೆಂದು, ಮಾವನಿಗೆ ಎಲ್ಲಿಲ್ಲದ ಸಿಟ್ಟು, ಮೊದಲ ಅಲುಗಾಟ ಅಲ್ಲ ಕಣೇ, ಆಮೇಲೆ ಬರೋದು ಸಾಯಿಸೋದು, ಇನ್ನು ಮೇಲೆ ಯಾರು ಕರೆದರೂ ಬರಬಾರದು, ಐಸ್‌ಕ್ಯಾಂಡಿ ಕರೆದರೂ ಬರಬಾರದು. ತಾತ ಕರೆದ್ರೆ. ತಾತ ಕರೆದ್ರೂ ಬರಬಾರದು, ತಾತಂಗೂ ಆಸೆ ಇರ್ತದೆ, ಅಮ್ಮ ಬಂದು ಬಾ ಅಂದ್ರೆ ಮಾತ್ರ. ಆಣೆ ಮಾಡಿಸಿಕೊಂಡರು. ಸೊಸೆ ಆಗ ಪಾತ್ರೆ ತೊಳೆಯುತ್ತಿದ್ದಳು, ಬೆನ್ನು ತಿರುಗಿಸಿಕೊಂಡೇ ಒಳಗೊಳಗೆ ಹಿಗ್ಗಿದ್ದಳು, ಇಡೀ ದಿನ ಹಿಟ್ಟು ಕಲಸಿ ಬರುವ ತಾಯಿಯ ಮಾತಿಗೆ ಈ ಮನೆಯಲ್ಲಿ ಇಷ್ಟು ಬೆಲೆ ಇದೆಯಲ್ಲ ಎಂದು. ಬೇಕರಿಯಿಂದ ಮನೆಗೆ ಎಷ್ಟು ದೂರ ಎಂದು ಆಗ ಮಾವನೂ ಯೋಚಿಸಲಿಲ್ಲ, ಅವಳೂ ಯೋಚಿಸಲಿಲ್ಲ.

ಇಟ್ಟಿಗೆ ಗೂಡಿನ ಚಿಮಣಿ ಅರ್ಧಕ್ಕೆ ಮುರಿದಿದೆ. ಇಲ್ಲೇ, ಇದೇ ತಿರುವಿನಲ್ಲೇ ಎರಡನೆಯದು ಬಂತು, ನೆಲ ಜರಡಿ ಹಿಡಿದ ಹಾಗೆ, ಅವಳು ರಸ್ತೆಯ ನಡುವೆ ಕೂತುಬಿಟ್ಟಳು, ಹಿಡಿದುಕೊಳ್ಳಲು ಏನೂ ಇಲ್ಲದೆ ತನ್ನ ಮೊಣಕಾಲನ್ನೇ ತಬ್ಬಿಕೊಂಡಳು, ನಾಯಿಗಳು ಬೊಗಳುವುದನ್ನು ನಿಲ್ಲಿಸಿದವು, ಆಮೇಲೆ ಎಲ್ಲಿಂದಲೋ ದಬದಬ ಎಂದು ಸದ್ದು, ಊರಿನ ಕಡೆಯಿಂದ, ಅವಳ ಊರಿನ ಕಡೆಯಿಂದಲೇ, ಧೂಳು ಎದ್ದಿತು. ಎದ್ದಳು. ಇರಲಿ, ಗೋಲಿನ ಕಂಬದ ಹತ್ತಿರ ಧೂಳಿಲ್ಲ, ಅಲ್ಲಿ ಹುಲ್ಲು, ಅಲ್ಲಿ ಮಾವ ಇದ್ದಾರೆ, ಒಪ್ಪಿಕೊಂಡ ಮಾತು ಮುರಿದವರಲ್ಲ, ತನ್ನ ಮದುವೆಯ ಮಾತುಕತೆಯಲ್ಲಿ ಹುಡುಗಿ ಕೆಲಸಕ್ಕೆ ಹೋಗಲಿ, ಮನೆ ನಾನು ನೋಡ್ಕೊಳ್ತೀನಿ ಅಂದಿದ್ದರು, ನೋಡಿಕೊಂಡರು, ಅನ್ನ ಬೇಯಿಸಿದರು, ಮಗುವಿನ ಬಟ್ಟೆ ಒಗೆದರು, ಗಂಡಸರು ಕಟ್ಟೆಯ ಮೇಲೆ ಕೂತು ಏನಂದರೂ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ, ಮಾವ, ನಿಮಗೆ ಇದನ್ನೆಲ್ಲ ಒಂದು ದಿನವಾದರೂ ಹೇಳಿದ್ದೇನೆಯೇ, ಇಲ್ಲ, ಪಾತ್ರೆ ಕೆಳಗಿನ ಗೂಡಿನಲ್ಲಿದೆ ಎಂದು ಗೊಣಗಿದ್ದೇನೆ, ಇವತ್ತು ಹೇಳುತ್ತೇನೆ, ಕಂಬದ ಹತ್ತಿರ ಹೋದ ಕೂಡಲೇ ಮೊದಲು ಅದೇ. ಮೈದಾನ ಕಂಡಿತು. ಊರೆಲ್ಲ ಅಲ್ಲೇ ಇದೆ, ಚಾಪೆ, ಕೋಳಿ, ಹಾಸಿಗೆಯ ಸುರುಳಿ, ಯಾರೋ ಟಿವಿಯನ್ನೂ ಹೊತ್ತು ತಂದಿದ್ದಾರೆ, ಮೊಳೆ ತಾತ ಹೇಳಿ ಹೇಳಿ ನಗಿಸಿದ ಜಾಗಕ್ಕೇ ನಕ್ಕವರೆಲ್ಲ ಬಂದಿದ್ದಾರೆ. ಗೋಲಿನ ಕಂಬ ಕಂಡಿತು. ಅದರ ಕೆಳಗೆ ಒಂದು ಮೇಕೆ ಕಟ್ಟಿದೆ. ಮೇಕೆ ಮಾತ್ರ. ಇನ್ನೊಂದು ತುದಿಯ ಕಂಬಕ್ಕೆ ಓಡಿದಳು, ಮಾವ ಯಾವ ಗೋಲು ಎಂದು ಹೇಳಿರಲಿಲ್ಲವಲ್ಲ, ಅಲ್ಲಿ ದರ್ಜಿಯ ಹೆಂಡತಿ, ಪಕ್ಕದ ಮನೆಯವಳು, ಹೊಲಿಗೆ ಯಂತ್ರವನ್ನು ತಬ್ಬಿಕೊಂಡು ಕೂತಿದ್ದಾಳೆ, ಅವಳನ್ನು ನೋಡಿ ಕಿರುಚಿ ಆಮೇಲೆ ಗುರುತು ಹಿಡಿದಳು, ನಿಮ್ಮ ಮಾವ ಬರಲಿಲ್ಲ ಕಣೇ. ಬರಲಿಲ್ಲ ಅಂದರೆ. ಮೊದಲನೇದಾದ ಮೇಲೆ ನಾವೆಲ್ಲ ಹೊರಟ್ವಿ, ಬನ್ನಿ ತಾತ ಅಂತ ನಮ್ಮವರು ಬೀದಿಯಿಂದಲೇ ಕೂಗಿದರು, ಬರ್ತೀನಿ ನಡೀರಿ ಅಂದಿದ್ದು ಕೇಳಿಸ್ತು, ಆಮೇಲೆ ಎರಡನೇದು ಬಂತಲ್ಲ, ನಮ್ಮ ಮನೆಯ ಪಕ್ಕದ ಗೋಡೆ ಇಡಿಯಾಗಿ ನಿಮ್ಮ ಬಾಗಿಲ ಮುಂದಕ್ಕೇ — ದರ್ಜಿಯ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ಕಂಬ ಇದೆ, ಮೇಕೆ ಇದೆ. ಬರ್ತೀನಿ ನಡೀರಿ ಅಂದವರು ಹೊರಟಿರುತ್ತಾರೆ, ಮಗುವಿನ ಕೈ ಹಿಡಿದು ಹೊಸ್ತಿಲು ದಾಟಿರುತ್ತಾರೆ, ಮಾತು ಕೊಟ್ಟವರಲ್ಲವೇ, ಮಾತು ಉಳಿಸಿಕೊಳ್ಳಲು ಸರಿಯಾಗಿ ಆ ಹೊತ್ತಿಗೇ ಬೀದಿಗೆ ಇಳಿದಿರುತ್ತಾರೆ, ಮಾವ, ಯಾಕೆ ಮಾತು ಕೊಟ್ಟಿರಿ, ನಾನು ಕೇಳಿದ್ದೆನೇ.

ಹೋಗಬೇಡ ಕಣೇ, ಇನ್ನೊಂದು ಬಂದ್ರೆ, ಅನ್ನುತ್ತಿದ್ದವರ ದನಿ ಹಿಂದಾಯಿತು. ಬೀದಿ ಬೀದಿಯಾಗಿಲ್ಲ, ಇಟ್ಟಿಗೆಯ ರಾಶಿ, ಸೊಂಟದವರೆಗೆ, ಅವಳ ಮನೆಯ ಹೊಸ್ತಿಲು ಅದರ ಅಡಿಯಲ್ಲೆಲ್ಲೋ, ಬರಿಗೈಯಲ್ಲಿ ಒಂದು ಇಟ್ಟಿಗೆ ಎತ್ತಿದಳು, ಇನ್ನೊಂದು, ಕೆಳಗೆ ಬಟ್ಟೆ ಕಾಣುತ್ತದೆಯೇ, ಮಗಳು ಹಳದಿ ಅಂಗಿ ಹಾಕಿದ್ದಳು ಬೆಳಿಗ್ಗೆ, ಹಳದಿ ಇಲ್ಲ, ಇನ್ನೊಂದು ಇಟ್ಟಿಗೆ, ಹಳದಿ ಇಲ್ಲ — ಆಗ ಕೆಮ್ಮು ಕೇಳಿತು. ಒಣ ಕೆಮ್ಮು, ಬೆಳಿಗ್ಗೆ ಬೆನ್ನು ಸವರಿ ಇವತ್ತು ಶಾಲೆ ಬೇಡ ಎಂದಾಗಿನ ಅದೇ ಕೆಮ್ಮು, ಮನೆಯ ಒಳಗಿನಿಂದ. ಹಿತ್ತಿಲಿಗೆ ಹೇಗೆ ಸುತ್ತಿ ಬಂದಳೋ, ಬಟ್ಟೆ ಒಣಹಾಕುವ ಹಗ್ಗ ಕುತ್ತಿಗೆಗೆ ತಗುಲಿತು, ಹಿಂಬಾಗಿಲ ಕೊಂಡಿ ಮಾವ ಹಾಕಿದ್ದು, ಮೇಲೆತ್ತಿ ಎಡಕ್ಕೆ ತಿರುಗಿಸಬೇಕು, ಕೈಗೆ ಗೊತ್ತು, ಅಡುಗೆಮನೆ — ಅಡುಗೆಮನೆ ಹಾಗೇ ಇದೆ. ಶೆಲ್ಫಿನ ಬಾಗಿಲು ಮುಚ್ಚಿದೆ, ಗಾಜಿನ ಭರಣಿ ನಿಂತಿದೆ, ಸಿಲಿಂಡರು ತನ್ನ ಸರಪಳಿಯಲ್ಲಿ ಸಾಧು ನಾಯಿಯ ಹಾಗೆ, ಒಂದು ಚಮಚ ಮಾತ್ರ ನೆಲದ ಮೇಲೆ. ಊರಿನ ಅರ್ಧ ಮನೆಗಳ ಪಾತ್ರೆ ಬೀದಿಯಲ್ಲಿವೆ, ಇಲ್ಲಿ ಒಂದು ಚಮಚ. ನಡುಮನೆಯಲ್ಲಿ ಅಲಮಾರಿ ಗೋಡೆ ಹಿಡಿದು ನಿಂತಿದೆ, ಮೇಜಿನ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿವೆ, ಮುದಿ ಕಾಲು, ಒಂದರಲ್ಲಿ ಚಪ್ಪಲಿ. ಕಾಲು ಅಲುಗಿದವು. ಬಂದೆಯಾ ತಾಯಿ, ಬೇಗ ಬಾ ಅನ್ನಮ್ಮ ಇವಳಿಗೆ, ಸೊಂಟ ಹಿಡಿದು ಹೋಯ್ತು ನಂದು, ಎಷ್ಟು ಬೇಡಿಕೊಂಡರೂ ಬರಲ್ಲ ಅಂತಾಳೆ ಈ ಮಹಾರಾಯ್ತಿ. ತಾತ ಕರೆದ್ರೂ ಬರಬಾರದು ಅಂತ ತಾತನೇ ಹೇಳಿದ್ದು. ಹೇಳಿದ್ದೆ ಕಣೇ, ಹೇಳಿದ್ದೆ, ನನ್ನ ಬಾಯಿಗಿಷ್ಟು ಮಣ್ಣು ಹಾಕ. ಎಳೆದು ನೋಡಿದೆನಮ್ಮ, ಕಚ್ಚಿಬಿಟ್ಟಳು, ನೋಡಿಲ್ಲಿ, ಕಚ್ಚಿದ್ದಕ್ಕೆ ಬಿಟ್ಟೆ, ಬಿಟ್ಟು ಇನ್ನೊಂದು ಸಲ ಹಿಡಿಯೋಣ ಅನ್ನೋವಷ್ಟರಲ್ಲಿ ಎರಡನೇದು ಬಂತು, ಹೊರಗೆ ದಬದಬ ಅಂತು, ಆಮೇಲೆ ನಾನೂ ಬಾಯಿ ಮುಚ್ಕೊಂಡು ಇಲ್ಲೇ ತೂರಿಕೊಂಡೆ. ಮಾವ, ನೀವು ಅಲ್ಲಿ ಕಂಬದ ಹತ್ತಿರ ಎನ್ನಲು ಹೋದಳು, ಗೊತ್ತಮ್ಮ, ಇವಳನ್ನ ಇಲ್ಲಿ ಬಿಟ್ಟು ನಾನೊಬ್ಬನೇ ಅಲ್ಲಿ ನಿಂತು ನಿನಗೆ ಯಾವ ಮುಖ ತೋರಿಸಲಿ. ಅವಳು ಬಗ್ಗಿದಳು, ಮಗಳು ಅರೆಗಣ್ಣಿನಲ್ಲಿ ಒಮ್ಮೆ ನೋಡಿ ಮತ್ತೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು, ನೀನು ಅಮ್ಮನಾ, ಯಾಕೆ ಬೆಳ್ಳಗಿದ್ದೀಯ. ಹಿಟ್ಟು ಕಣೇ. ಹಾಗಾದ್ರೆ ಹೇಳು. ಹೇಳಬೇಕು, ಬಾ ಎನ್ನಬೇಕು, ಒಂದೇ ಅಕ್ಷರ ಕಣಮ್ಮ ಎಂದರು ಮಾವ, ಆ ಒಂದು ಅಕ್ಷರ ಬರಲು ಎಷ್ಟು ಹೊತ್ತು ಹಿಡಿಯಿತು, ಕಚ್ಚಿದ ಹಲ್ಲಿನ ಗುರುತು ಮಾವನ ಮಣಿಕಟ್ಟಿನ ಮೇಲೆ ಇನ್ನೂ ಕೆಂಪಗಿದೆ, ಆ ಹಲ್ಲುಗಳಿಗೆ ಹಾಲು ಕೊಟ್ಟವಳು ತಾನು, ಆ ಕೈಗೆ ಕೈ ಮುಗಿಯಬೇಕು ತಾನು, ಹೊಸ್ತಿಲ ಮೇಲೆ ಬಿದ್ದ ಅಷ್ಟೂ ಇಟ್ಟಿಗೆಗೂ ಈ ಮನೆಯಲ್ಲಿ ಯಾರೂ ಸಿಗಲಿಲ್ಲ, ಮಾವ, ನಿಮಗೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡದ್ದು, ಮಾವ — ಬಾ ಎಂದಳು. ಮಗಳು ಕಣ್ಣು ಬಿಟ್ಟಳು, ಬರ್ತೀನಿ ಎಂದಳು, ಬರಲಿಲ್ಲ. ಕೈ ಬರ್ತಿಲ್ಲ ಅಮ್ಮ. ಅವಳು ಮೇಜಿನ ಕೆಳಗೆ ತೂರಿದಳು, ಹಸಿರು ಕಬ್ಬಿಣದ ಸುತ್ತ ಐದು ಬೆರಳು, ಮರಗಟ್ಟಿ ಬಿಗಿದ ಐದು ಬೆರಳು, ಹಿಟ್ಟಿನ ಕೈಯಿಂದ ಒಂದನ್ನು ಬಿಡಿಸಿದಳು, ಅದು ಮತ್ತೆ ಹೋಗಿ ಹಿಡಿದುಕೊಂಡಿತು, ಮತ್ತೆ ಬಿಡಿಸಿದಳು, ಐದು ಬೆರಳು, ಹಸಿರು ಕಬ್ಬಿಣ, ಐದು ಬೆರಳು.

ಮಾವ ಗೋಲಿನ ಕಂಬದ ಹತ್ತಿರ ಇರಲಿಲ್ಲ. ಕೊಟ್ಟ ಮಾತು ತಪ್ಪಿದ್ದರು.